ಡಾ. ರಾಜಾ ರಾಮಣ್ಣ ಮತ್ತು ಬುದ್ಧನ ಹೆಸರಿನ ಬಾಂಬು



ನಮ್ಮ ಮಂಡಳದ ಸ್ಮರಣ ಸಂಚಿಕೆಯಲ್ಲಿ ಪ್ರತಿ ಸಲ ಬಾಬಾಸಾಹೇಬರು, ಜ್ಯೋತಿಬಾ ಫುಲೆ, ಸಾವಿತ್ರಿಬಾಯಿ, ಶಾಹೂ ಮಹಾರಾಜರ ಚರಿತ್ರೆ ಬರುತ್ತದೆ. ಬರಲೇಬೇಕು. ಈ ಸಲ ನಾನು ಒಬ್ಬ ಅಣುವಿಜ್ಞಾನಿಯ ಮೇಲೆ ಬರೆಯುತ್ತೇನೆ ಅಂದಾಗ ಹಿರಿಯರು, ಅವರಿಗೂ ನಮಗೂ ಏನು ಸಂಬಂಧ ಅಂತ ಕೇಳಿದರು. ಕೇಳಿದ್ದು ಬರೋಬರಿ ಅದ. ಅವರು ನಮ್ಮ ಚಳವಳಿಯವರಲ್ಲ, ನಮ್ಮ ಕಡೆಯವರೂ ಅಲ್ಲ. ನಾನು ಹುಟ್ಟುವ ಮೊದಲೇ ತೀರಿಕೊಂಡವರು. ಆದರೆ ಭಾರತದ ಮೊದಲ ಅಣುಬಾಂಬು 1974ರ ಮೇ 18ರಂದು ರಾಜಸ್ಥಾನದ ಪೋಖ್ರಾನ್‌ನಲ್ಲಿ ಸಿಡಿದಾಗ ಅದಕ್ಕೆ ನಗುವ ಬುದ್ಧ ಅನ್ನುವ ಹೆಸರು ಬಿತ್ತು. ಆ ಬಾಂಬು ತಯಾರಿಸಿದ ವಿಜ್ಞಾನಿಗಳ ಮುಂದಾಳು ಕನ್ನಡದ ಮನುಷ್ಯ, ಡಾ. ರಾಜಾ ರಾಮಣ್ಣ. ವಿಹಾರದಲ್ಲಿ ಮೇಣದಬತ್ತಿ ಹಚ್ಚಿ, ಜೀವಹಿಂಸೆ ಮಾಡೋದಿಲ್ಲ ಅಂತ ಪಂಚಶೀಲದ ಮೊದಲ ಮಾತು ಹೇಳುವ ಮಂದಿ ನಾವು. ನಮ್ಮ ತಥಾಗತನ ಹೆಸರು ಬಾಂಬಿಗೆ ಹೆಂಗ ಹೋಯಿತು ಅಂತ ಕೇಳುವ ಹಕ್ಕು ನಮಗಿದೆ. ಅದಕ್ಕಾಗಿ ಈ ಚರಿತ್ರೆ.

ರಾಜಾ ರಾಮಣ್ಣ ಹುಟ್ಟಿದ್ದು 1925ರ ಜನವರಿ 28ರಂದು, ಆಗಿನ ಮೈಸೂರು ಸಂಸ್ಥಾನದ ತುಮಕೂರು ಸೀಮೆಯಲ್ಲಿ. ತಂದೆ ಸಂಸ್ಥಾನದ ನ್ಯಾಯ ಇಲಾಖೆಯಲ್ಲಿ ಅಧಿಕಾರಿ. ತಾಯಿ ರುಕ್ಮಿಣಿಯಮ್ಮನಿಗೆ ಓದುವ ಹವ್ಯಾಸ ಭಾಳ. ಮನೆಯಲ್ಲಿ ಪುಸ್ತಕ ಇದ್ದವು, ಸಂಗೀತ ಇತ್ತು. ಹುಡುಗ ಸಣ್ಣವನಿದ್ದಾಗಲೇ ಪಿಯಾನೋ ಕಲಿಯಲಿಕ್ಕೆ ಕೂತ. ಮೈಸೂರಿನ ಕಾನ್ವೆಂಟು, ಆಮೇಲೆ ಬೆಂಗಳೂರಿನ ಬಿಷಪ್ ಕಾಟನ್ ಶಾಲೆ. ಇಲ್ಲಿ ಒಂದು ವಿಷಯ ಹೇಳಬೇಕು. ಅವರು ಹುಟ್ಟಿದ ಅದೇ 1925ರ ಜನವರಿಯಲ್ಲಿ ನಮ್ಮ ಸೊಲ್ಲಾಪುರದಲ್ಲಿ ಬಾಬಾಸಾಹೇಬರ ಬಹಿಷ್ಕೃತ ಹಿತಕಾರಿಣಿ ಸಭೆ ಅಸ್ಪೃಶ್ಯ ವಿದ್ಯಾರ್ಥಿಗಳಿಗಾಗಿ ವಸತಿಗೃಹ ತೆರೆಯಿತು. ಹೈಸ್ಕೂಲಿಗೆ ಬರುವ ನಮ್ಮ ಹುಡುಗರಿಗೆ ಊರಲ್ಲಿ ಯಾರೂ ಖೋಲಿ ಕೊಡುತ್ತಿರಲಿಲ್ಲ, ಅದಕ್ಕೆ. ಒಂದೇ ತಿಂಗಳು, ಒಂದು ಕಡೆ ಪಿಯಾನೋ ಇರುವ ಮನೆಯಲ್ಲಿ ಒಂದು ಕೂಸು ಹುಟ್ಟಿತು, ಇನ್ನೊಂದು ಕಡೆ ನಮ್ಮವರಿಗೆ ತಲೆಯ ಮೇಲೆ ಒಂದು ಸೂರು ಸಿಕ್ಕಿತು. ಇದನ್ನು ರಾಮಣ್ಣನವರ ತಪ್ಪು ಅಂತ ಹೇಳುತ್ತಿಲ್ಲ. ಯಾರ ಓಟ ಎಲ್ಲಿಂದ ಶುರುವಾಯಿತು ಅನ್ನೋದು ಗೊತ್ತಿರಲಿ ಅಂತ ಅಷ್ಟೇ.

ಹುಡುಗ ಶಾಣ್ಯಾ ಇದ್ದ, ಅದರಲ್ಲಿ ಅನುಮಾನ ಇಲ್ಲ. ಮದ್ರಾಸಿನ ಹತ್ತಿರ ತಾಂಬರಂನ ಕ್ರಿಶ್ಚಿಯನ್ ಕಾಲೇಜಿನಲ್ಲಿ ಭೌತಶಾಸ್ತ್ರ ಓದಿದರು. 1944ರಲ್ಲಿ ಅವರಿಗೆ ಹೋಮಿ ಭಾಭಾ ಅವರ ಪರಿಚಯ ಆಯಿತು. ವಿಜ್ಞಾನದಿಂದ ಅಲ್ಲ, ಸಂಗೀತದಿಂದ. ಮುಂಬಯಿಯ ದೊಡ್ಡ ಪಾರಸಿ ಮನೆತನದ ಭಾಭಾ ಆಗ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿದ್ದರು. ಇಬ್ಬರಿಗೂ ಪಾಶ್ಚಾತ್ಯ ಸಂಗೀತದ ಹುಚ್ಚು. ಆ ಪರಿಚಯವೇ ಮುಂದೆ ರಾಮಣ್ಣನವರ ಜೀವನದ ದಾರಿ ಆಯಿತು.

ಅವರಿಗೆ 20 ವರ್ಷ ಇದ್ದಾಗ, 1945ರ ಆಗಸ್ಟ್ 6ರಂದು ಅಮೇರಿಕ ಹಿರೋಶಿಮಾ ಮೇಲೆ, 9ರಂದು ನಾಗಾಸಾಕಿ ಮೇಲೆ ಬಾಂಬು ಹಾಕಿತು. ಆ ವರ್ಷದ ಕೊನೆಯೊಳಗೆ ಹಿರೋಶಿಮಾದಲ್ಲಿ ಸುಮಾರು 1 ಲಕ್ಷ 40 ಸಾವಿರ, ನಾಗಾಸಾಕಿಯಲ್ಲಿ ಸುಮಾರು 74 ಸಾವಿರ ಮಂದಿ ಸತ್ತರು. ನಮ್ಮ ಪಠ್ಯಪುಸ್ತಕದಲ್ಲಿ ಇಷ್ಟು ಇರುತ್ತದೆ. ಇರದ ಮಾತು ಒಂದು ಇದೆ. ನಾಗಾಸಾಕಿಯಲ್ಲಿ ಬಾಂಬು ಬಿದ್ದದ್ದು ಉರಾಕಾಮಿ ಅನ್ನುವ ಭಾಗದ ಮೇಲೆ. ಅಲ್ಲಿ ಕ್ರೈಸ್ತರ ದೊಡ್ಡ ಚರ್ಚು ಇತ್ತು, ಜೊತೆಗೆ ಬುರಾಕುಮಿನ್ ಜನರ ಕೇರಿಯೂ ಇತ್ತು. ಬುರಾಕುಮಿನ್ ಅಂದರೆ ಜಪಾನಿನ ಅಸ್ಪೃಶ್ಯರು. ಚರ್ಮದ ಕೆಲಸ, ಸತ್ತ ದನ ಎತ್ತುವ ಕೆಲಸ ಮಾಡುತ್ತಿದ್ದ ಕಾರಣಕ್ಕೆ ದೂರ ಇಟ್ಟವರು. ಆ ಕೇರಿ ಬೂದಿ ಆಯಿತು. ಉಳಿದವರನ್ನು ಮೊದಲು ಜಾತಿಯ ಕಾರಣಕ್ಕೆ ದೂರ ಇಡುತ್ತಿದ್ದರು, ಆಮೇಲೆ ಬಾಂಬಿನ ವಿಷ ಮೈಯಲ್ಲಿದೆ ಅಂತಲೂ ದೂರ ಇಟ್ಟರು. ಬಾಂಬಿನಿಂದ ಬದುಕಿ ಬಂದವರ ಮನೆಗೆ ಹೆಣ್ಣು ಕೊಡಲಿಕ್ಕೆ, ತರಲಿಕ್ಕೆ ಜನ ಹಿಂದೆ ಸರಿಯುತ್ತಿದ್ದರು. ಓದಿದಾಗ ನನಗೆ ಇದು ಎಲ್ಲೋ ದೂರದ ದೇಶದ ಮಾತು ಅನಿಸಲಿಲ್ಲ.

ಯುದ್ಧ ಮುಗಿದ ಮೇಲೆ ರಾಮಣ್ಣ ಲಂಡನ್ನಿನ ಕಿಂಗ್ಸ್ ಕಾಲೇಜಿಗೆ ಹೋದರು. ಪರಮಾಣು ಭೌತಶಾಸ್ತ್ರದಲ್ಲಿ ಡಾಕ್ಟರೇಟ್ ಮುಗಿಸಿದರು, ಪಿಯಾನೋ ಪರೀಕ್ಷೆಯನ್ನೂ ಪಾಸು ಮಾಡಿದರು. 1949ರಲ್ಲಿ ವಾಪಸು ಬಂದು ಮುಂಬಯಿಯಲ್ಲಿ ಭಾಭಾ ಕಟ್ಟಿದ ಟಾಟಾ ಮೂಲಭೂತ ಸಂಶೋಧನಾ ಸಂಸ್ಥೆ ಸೇರಿದರು. ಹಿಂದಿನ ವರ್ಷವೇ, 1948ರಲ್ಲಿ, ಸರಕಾರ ಅಣುಶಕ್ತಿ ಆಯೋಗ ರಚಿಸಿ ಭಾಭಾ ಅವರನ್ನು ಅಧ್ಯಕ್ಷರನ್ನಾಗಿ ಮಾಡಿತ್ತು. 1954ರಲ್ಲಿ ತ್ರೊಂಬೆಯಲ್ಲಿ ಅಣುಶಕ್ತಿ ಕೇಂದ್ರದ ಕೆಲಸ ಶುರುವಾಯಿತು.

ಅಲ್ಲಿ ಏನು ಮಾಡುತ್ತಿದ್ದರು ಅನ್ನೋದನ್ನು ನನಗೆ ತಿಳಿದಷ್ಟು ಸರಳವಾಗಿ ಹೇಳುತ್ತೇನೆ, ನಾನು ಬಿ.ಎ. ವಿದ್ಯಾರ್ಥಿ, ವಿಜ್ಞಾನದವನಲ್ಲ. ಗಣಿಯಿಂದ ತೆಗೆದ ಯುರೇನಿಯಂನಲ್ಲಿ ಸುಲಭವಾಗಿ ಒಡೆಯುವ ಬಗೆಯದು ನೂರಕ್ಕೆ 0.7 ಭಾಗ ಮಾತ್ರ. ಅದರ ಒಂದು ಪರಮಾಣು ಒಡೆದರೆ ಶಾಖ ಹುಟ್ಟುತ್ತದೆ, ಎರಡು ಮೂರು ನ್ಯೂಟ್ರಾನ್ ಹೊರಗೆ ಹಾರಿ ಬೇರೆ ಪರಮಾಣುಗಳನ್ನು ಒಡೆಯುತ್ತವೆ. ಇದನ್ನು ನಿಧಾನಕ್ಕೆ, ಹಿಡಿತದಲ್ಲಿಟ್ಟು ನಡೆಸಿದರೆ ರಿಯಾಕ್ಟರು. ಹಿಡಿತ ಬಿಟ್ಟು ಒಂದೇ ಕ್ಷಣದಲ್ಲಿ ನಡೆಸಿದರೆ ಬಾಂಬು. ರಿಯಾಕ್ಟರಿನಲ್ಲಿ ಉರಿದ ಯುರೇನಿಯಂನ ಒಂದು ಪಾಲು ಪ್ಲುಟೋನಿಯಂ ಆಗುತ್ತದೆ, ಅದನ್ನು ಬೇರೆ ತೆಗೆದರೆ ಬಾಂಬಿನ ಸಾಮಾನು ಸಿಕ್ಕಂಗ. ಅಂದರೆ ಕರೆಂಟಿನ ದಾರಿಯೂ ಬಾಂಬಿನ ದಾರಿಯೂ ಬಹಳ ದೂರ ಒಂದೇ ರಸ್ತೆ. ರಾಮಣ್ಣನವರ ಸ್ವಂತ ಸಂಶೋಧನೆ ಇದ್ದದ್ದೇ ಈ ಪರಮಾಣು ಒಡೆಯುವ ಕ್ರಿಯೆಯ ಮೇಲೆ.

1956ರ ಆಗಸ್ಟ್ 4ರಂದು ತ್ರೊಂಬೆಯಲ್ಲಿ ಅಪ್ಸರಾ ಅನ್ನುವ ಮೊದಲ ರಿಯಾಕ್ಟರು ಚಾಲೂ ಆಯಿತು. ಅದನ್ನು ಕಟ್ಟಿದವರಲ್ಲಿ ರಾಮಣ್ಣನೂ ಒಬ್ಬರು, ಆಗ ಅವರಿಗೆ 31 ವರ್ಷ. ಅದಾಗಿ 71 ದಿನಕ್ಕೆ, ಅಕ್ಟೋಬರ್ 14ರಂದು, ನಾಗಪುರದಲ್ಲಿ ಬಾಬಾಸಾಹೇಬರು ಲಕ್ಷಾಂತರ ಮಂದಿಯ ಜೊತೆ ಬುದ್ಧನ ದಮ್ಮ ಸ್ವೀಕರಿಸಿದರು. ಡಿಸೆಂಬರ್ 6ಕ್ಕೆ ಅವರ ಪರಿನಿರ್ವಾಣ. ಒಂದೇ ವರ್ಷದಲ್ಲಿ ಈ ದೇಶ ಎರಡು ಬೇರೆ ಬೇರೆ ಶಕ್ತಿ ಹುಟ್ಟಿದ್ದು ಕಂಡಿತು, ಎರಡನ್ನೂ ಒಟ್ಟಿಗೆ ಹೇಳುವ ಪುಸ್ತಕ ನಾನು ನೋಡಿಲ್ಲ.

1957ರಲ್ಲಿ ತ್ರೊಂಬೆಯಲ್ಲಿ ತರಬೇತಿ ಶಾಲೆ ಶುರುವಾಯಿತು, ಅದರ ಹೊಣೆ ರಾಮಣ್ಣನವರ ಮೇಲೆ ಬಿತ್ತು. ನನ್ನ ಅಭಿಪ್ರಾಯದಲ್ಲಿ ಅವರ ಜೀವನದ ದೊಡ್ಡ ಕೆಲಸ ಇದು, ಬಾಂಬಿಗಿಂತ ದೊಡ್ಡದು. ವಿಲಾಯತಿಗೆ ಹೋಗದೆ ಈ ದೇಶದ ಕಾಲೇಜುಗಳಲ್ಲೇ ಓದಿದ ಹುಡುಗ ಹುಡುಗಿಯರನ್ನು ಆರಿಸಿ, ಒಂದು ವರ್ಷ ಕಲಿಸಿ, ಪೂರಾ ಅಣುವಿಜ್ಞಾನಿ ಮಾಡುವ ಪದ್ಧತಿ. ಅಲ್ಲಿಂದ ಸಾವಿರಾರು ಮಂದಿ ಹೊರಬಂದರು.

ಆಮೇಲೆ 1960ರಲ್ಲಿ ಕೆನಡಾ ದೇಶ ಕೊಟ್ಟ ರಿಯಾಕ್ಟರು ಬಂತು, ಅದಕ್ಕೆ ಭಾರಜಲ ಕೊಟ್ಟದ್ದು ಅಮೇರಿಕ. ಹೆಸರು ಸೈರಸ್. ಶಾಂತಿಯ ಕೆಲಸಕ್ಕೆ ಮಾತ್ರ ಬಳಸುತ್ತೇವೆ ಅಂತ ಭಾರತ ಮಾತು ಕೊಟ್ಟಿತ್ತು. ಪ್ಲುಟೋನಿಯಂ ಬೇರೆ ತೆಗೆಯುವ ಕಾರಖಾನೆ 1964ರಲ್ಲಿ ತಯಾರಾಯಿತು. ಅದೇ ವರ್ಷ ಅಕ್ಟೋಬರ್ 16ಕ್ಕೆ ಚೀನಾ ತನ್ನ ಮೊದಲ ಬಾಂಬು ಸಿಡಿಸಿತು. ಯಾವ ಚೀನಾ? ನಮ್ಮ ಸೊಲ್ಲಾಪುರದ ಡಾ. ದ್ವಾರಕಾನಾಥ ಕೋಟಣೀಸರು 1938ರಲ್ಲಿ ಗಾಯಾಳುಗಳ ಸೇವೆಗೆ ಅಂತ ಹೋಗಿ, 1942ರಲ್ಲಿ ಅಲ್ಲೇ ಪ್ರಾಣ ಬಿಟ್ಟ ಚೀನಾ. 1962ರ ಯುದ್ಧದಲ್ಲಿ ಸೋತ ನೋವು ಇನ್ನೂ ಹಸಿ ಇತ್ತು. ನಾವೂ ಮಾಡಬೇಕು ಅಂತ ಸಂಸತ್ತಿನಲ್ಲಿ ಗದ್ದಲ. ಪ್ರಧಾನಿ ಲಾಲ್ ಬಹಾದ್ದೂರ್ ಶಾಸ್ತ್ರಿ ಮೊದಲು ಬೇಡ ಅಂದವರು, ಕೊನೆಗೆ ಶಾಂತಿಯುತ ಸ್ಫೋಟದ ಸಂಶೋಧನೆಗೆ ಅಂತ ಒಪ್ಪಿದರು. ಈ ಶಾಂತಿಯುತ ಸ್ಫೋಟ ಅನ್ನುವ ಶಬ್ದವನ್ನು ನೆನಪಿಡಿ, ಮುಂದೆ ಮತ್ತೆ ಬರುತ್ತದೆ. ಕಾಲುವೆ ತೋಡಲಿಕ್ಕೆ, ಬೆಟ್ಟ ಒಡೆಯಲಿಕ್ಕೆ ಅಣುಸ್ಫೋಟ ಬಳಸಬಹುದು ಅಂತ ಆಗ ಅಮೇರಿಕ, ರಷ್ಯಾ ಕೂಡ ಹೇಳುತ್ತಿದ್ದವು.

1966ರ ಜನವರಿ 11ಕ್ಕೆ ಶಾಸ್ತ್ರಿ ತಾಷ್ಕೆಂಟಿನಲ್ಲಿ ತೀರಿಕೊಂಡರು. 24ಕ್ಕೆ ಭಾಭಾ ಇದ್ದ ವಿಮಾನ ಆಲ್ಪ್ಸ್ ಪರ್ವತದಲ್ಲಿ ಅಪ್ಪಳಿಸಿತು. ನಂತರ ಬಂದ ವಿಕ್ರಮ್ ಸಾರಾಭಾಯಿ ಅವರಿಗೆ ಬಾಂಬಿನ ಮೇಲೆ ಮನಸ್ಸಿರಲಿಲ್ಲ. ಬಾಂಬು ಒಂದೇ ಮಾಡಿದರೆ ಆಗದು, ಅದರ ಹಿಂದೆ ಬರುವ ಖರ್ಚು ಬಡ ದೇಶ ತಾಳದು ಅನ್ನುವುದು ಅವರ ವಿಚಾರ. ಆದರೂ ತ್ರೊಂಬೆಯಲ್ಲಿ ರಾಮಣ್ಣ, ಆರ್. ಚಿದಂಬರಂ, ಪಿ.ಕೆ. ಅಯ್ಯಂಗಾರ್ ಮುಂತಾದವರು ಲೆಕ್ಕ ಹಾಕುವುದನ್ನು ಬಿಡಲಿಲ್ಲ. 1968ರಲ್ಲಿ ಅಣ್ವಸ್ತ್ರ ಪ್ರಸರಣ ತಡೆ ಒಪ್ಪಂದ ಬಂತು. 1967ರ ಜನವರಿ 1ರ ಮೊದಲು ಬಾಂಬು ಸಿಡಿಸಿದ ಐದು ದೇಶಗಳಿಗೆ ಬಾಂಬು ಇಟ್ಟುಕೊಳ್ಳುವ ಅಧಿಕಾರ, ಉಳಿದವರು ಮುಟ್ಟಬಾರದು. ಇದನ್ನು ಓದಿ ನನಗೆ ಮನುಸ್ಮೃತಿ ನೆನಪಾಯಿತು: ಮೊದಲು ಹುಟ್ಟಿದವನು ಮೇಲು, ಆಮೇಲಿನವನು ಕೆಳಗೇ ಇರಬೇಕು. ಭಾರತ ಸಹಿ ಹಾಕಲಿಲ್ಲ. ಹಾಕದೆ ಇದ್ದದ್ದು ಸರಿ ಅಂತಲೇ ನಾನು ಅನ್ನುತ್ತೇನೆ. ಆದರೆ ಜಗತ್ತಿನ ಚಾತುರ್ವರ್ಣ್ಯ ತಪ್ಪು ಅಂದ ದೆಹಲಿಯ ದೊಡ್ಡವರು ತಮ್ಮ ಹಳ್ಳಿಯ ಚಾತುರ್ವರ್ಣ್ಯದ ಮೇಲೆ ಅಷ್ಟೇ ಸಿಟ್ಟಾಗಿದ್ದರೆ ಇನ್ನೂ ಚಲೋ ಇತ್ತು.

1972ರಲ್ಲಿ ರಾಮಣ್ಣ ಭಾಭಾ ಅಣು ಸಂಶೋಧನಾ ಕೇಂದ್ರದ ನಿರ್ದೇಶಕರಾದರು. ಅದೇ ವರ್ಷ ಇಂದಿರಾ ಗಾಂಧಿ ಬಾಯಿಮಾತಿನಲ್ಲೇ ಒಪ್ಪಿಗೆ ಕೊಟ್ಟರು. ಗುಟ್ಟು ಹೊರಬೀಳಬಾರದು ಅಂತ ಕಾಗದದ ಮೇಲೆ ಆದಷ್ಟು ಕಡಿಮೆ. ಕೆಲಸದಲ್ಲಿ ಇದ್ದ ವಿಜ್ಞಾನಿಗಳು, ಎಂಜಿನಿಯರುಗಳು 75ರ ಆಸುಪಾಸು. ಪ್ಲುಟೋನಿಯಂ ಸುಮಾರು 6 ಕಿಲೋ, ಗಾತ್ರದಲ್ಲಿ ಒಂದು ಮೋಸಂಬಿಯಷ್ಟು. ಅದರ ಸುತ್ತ ಸಿಡಿಮದ್ದು ಜೋಡಿಸಿ ಎಲ್ಲ ಕಡೆಯಿಂದ ಒಂದೇ ಕ್ಷಣಕ್ಕೆ ಒಳಗೆ ಒತ್ತಬೇಕು, ಒಂದು ಕಡೆ ಸ್ವಲ್ಪ ಹಿಂದೆ ಮುಂದೆ ಆದರೂ ಕೆಟ್ಟಿತು. ಆ ಸಿಡಿಮದ್ದು ಚಂಡೀಗಢದ ರಕ್ಷಣಾ ಪ್ರಯೋಗಾಲಯದ್ದು. ನಾಗಾಸಾಕಿಯ ಬಾಂಬೂ ಇದೇ ಪ್ಲುಟೋನಿಯಂ ಬಗೆಯದು ಅನ್ನುವುದನ್ನು ಮರೆಯಬಾರದು.

ನಿರ್ಧಾರ ಮಾಡಿದವರು ಬೆರಳೆಣಿಕೆಯಷ್ಟು. ಇಂದಿರಾ ಗಾಂಧಿ, ಪಿ.ಎನ್. ಹಕ್ಸರ್, ಡಿ.ಪಿ. ಧರ್, ಅಣುಶಕ್ತಿ ಆಯೋಗದ ಹೋಮಿ ಸೇಠ್ನಾ, ರಕ್ಷಣಾ ಸಲಹೆಗಾರ ನಾಗ್ ಚೌಧರಿ, ರಾಮಣ್ಣ. ಕೊನೆಯ ಸಭೆಗಳಲ್ಲಿ ಹಕ್ಸರ್, ಧರ್ ಇಬ್ಬರಿಗೂ ಇದು ಸಮಯ ಅಲ್ಲ ಅನಿಸಿತ್ತು. ತಯಾರಿ ಇಷ್ಟು ಮುಂದೆ ಹೋದ ಮೇಲೆ ನಿಲ್ಲಿಸಲಿಕ್ಕೆ ಬರೋದಿಲ್ಲ ಅಂದವರು ರಾಮಣ್ಣ. ಇಂದಿರಾ ಗಾಂಧಿ ರಾಮಣ್ಣನವರ ಮಾತು ಹಿಡಿದರು. ಆಗ ದೇಶದ ರಕ್ಷಣಾ ಮಂತ್ರಿ ಯಾರಿದ್ದರು ಗೊತ್ತೇನು? ಬಾಬು ಜಗಜೀವನ ರಾಮ್. 1971ರ ಬಾಂಗ್ಲಾ ಯುದ್ಧ ಗೆದ್ದ ಮಂತ್ರಿ, ಚಮ್ಮಾರ ಸಮಾಜದಲ್ಲಿ ಹುಟ್ಟಿ ಅಲ್ಲಿಯವರೆಗೆ ಏರಿದವರು. ದೇಶದ ಅತಿ ದೊಡ್ಡ ಅಸ್ತ್ರದ ನಿರ್ಧಾರದಲ್ಲಿ ರಕ್ಷಣಾ ಮಂತ್ರಿಗೆ ಜಾಗ ಇರಲಿಲ್ಲ. ವಿದೇಶಾಂಗ ಮಂತ್ರಿ ಸ್ವರ್ಣ ಸಿಂಗ್ ಅವರಿಗೂ ಇರಲಿಲ್ಲ ಅನ್ನೋದು ನಿಜ, ಆದ್ದರಿಂದ ಇದನ್ನು ಬರೇ ಜಾತಿಯ ಲೆಕ್ಕದಲ್ಲಿ ಹೇಳಿದರೆ ಅನ್ಯಾಯವಾದೀತು. ಆದರೂ ಒಳಗೆ ಚುಚ್ಚುತ್ತದೆ. ಮಂತ್ರಿಗೇ ಈ ಗತಿ ಆದರೆ ಸಾಮಾನ್ಯ ಜನರನ್ನು ಯಾರು ಕೇಳುತ್ತಾರೆ?

ಮೇ 18ರ ಮುಂಜಾನೆ. ಪೋಖ್ರಾನ್ ಮರಳುಗಾಡಿನಲ್ಲಿ 107 ಮೀಟರ್ ಆಳದ ಬಾವಿಯಲ್ಲಿ ಬಾಂಬು ಇಳಿಸಿ ಮುಚ್ಚಿದ್ದರು. 8 ಗಂಟೆಗೆ ಸಿಡಿಸಬೇಕಿತ್ತು, ಐದು ನಿಮಿಷ ತಡವಾಯಿತು. ಕಾರಣ ಕೇಳಿದರೆ ನಗು ಬರುತ್ತದೆ. ಕೊನೆಯ ತಪಾಸಣೆಗೆ ಬಾವಿಯ ಹತ್ತಿರ ಹೋಗಿದ್ದವರ ಜೀಪು ಚಾಲೂ ಆಗಲಿಲ್ಲ! ನಮ್ಮ ಎಸ್.ಟಿ. ಬಸ್ಸಿನ ಹಣೆಬರಹ ಅಣುಬಾಂಬಿಗೂ ತಪ್ಪಲಿಲ್ಲ. 8 ಗಂಟೆ 5 ನಿಮಿಷಕ್ಕೆ ಪ್ರಣಬ್ ದಸ್ತಿದಾರ್ ಬಟನ್ ಒತ್ತಿದರು. ನೆಲ ಗುಡ್ಡದ ಹಾಗೆ ಮೇಲೆ ಎದ್ದು ಕುಸಿಯಿತು, 10 ಮೀಟರ್ ಆಳದ ದೊಡ್ಡ ಕುಣಿ ಬಿತ್ತು. ಸರಕಾರ ಹೇಳಿದ ಶಕ್ತಿ 12 ಕಿಲೋಟನ್, ಅಂದರೆ 12 ಸಾವಿರ ಟನ್ ಸಿಡಿಮದ್ದು. ಹೊರದೇಶದ ತಜ್ಞರು ಅದಕ್ಕಿಂತ ಕಡಿಮೆ ಅಂದರು. ಇದು ಶಾಂತಿಯುತ ಅಣುಸ್ಫೋಟ, ಬಾಂಬು ಅಲ್ಲ ಅಂತ ಸರಕಾರ ಜಗತ್ತಿಗೆ ಸಾರಿತು. ಬುದ್ಧ ನಕ್ಕ ಅನ್ನುವ ಸಂಕೇತದಲ್ಲಿ ದೆಹಲಿಗೆ ಸುದ್ದಿ ಹೋಯಿತು ಅನ್ನುವ ಕಥೆ ದೇಶ ತುಂಬ ಹಬ್ಬಿತು. ಹೆಸರನ್ನು ರಾಮಣ್ಣನವರೇ ಇಟ್ಟರು ಅಂತ ನಾನು ಹೇಳುತ್ತಿಲ್ಲ. ಆದರೆ ಆ ಹೆಸರು ಅವರ ಕೆಲಸಕ್ಕೆ ಅಂಟಿಕೊಂಡಿತು, ಅವರಿದ್ದಷ್ಟು ದಿನ ಹೋಗಲಿಲ್ಲ, ಈಗಲೂ ಹೋಗಿಲ್ಲ.

ಆ ದಿನ ಬುದ್ಧ ಪೂರ್ಣಿಮೆ ಇತ್ತು, ಅದಕ್ಕೇ ಆ ಹೆಸರು ಅಂತ ಎಷ್ಟೋ ಪುಸ್ತಕದಲ್ಲಿ, ಪೇಪರಿನಲ್ಲಿ ಬರೆದಿದ್ದಾರೆ. ಸ್ಪರ್ಧಾ ಪರೀಕ್ಷೆಯ ಗೈಡುಗಳಲ್ಲೂ ಇದೆ. ಹಳೆಯ ಪಂಚಾಂಗದ ಲೆಕ್ಕ ತೆಗೆದು ನೋಡಿರಿ. 1974ರಲ್ಲಿ ವೈಶಾಖ ಹುಣ್ಣಿಮೆ ಮೇ 6ಕ್ಕೇ ಮುಗಿದಿತ್ತು. 18ನೇ ತಾರೀಖು ಕೃಷ್ಣಪಕ್ಷದ ಕೊನೆ, ಅಮಾವಾಸ್ಯೆಗೆ ಮೂರೇ ದಿನ ಉಳಿದಿತ್ತು. ಅಂದರೆ ಬುದ್ಧನ ಹುಣ್ಣಿಮೆಯ ದಿನವೇ ಸಿಡಿಯಿತು ಅನ್ನುವ ಮಾತು ಆಮೇಲೆ ಕೂಡಿಸಿದ್ದು. ವಿಚಿತ್ರ ಅಂದರೆ 1998ರ ಮೇ 11ರಂದು ಎರಡನೇ ಸಲ ಪೋಖ್ರಾನ್‌ನಲ್ಲಿ ಬಾಂಬು ಸಿಡಿಸಿದಾಗ ಮಾತ್ರ ಖರೇನೆ ಬುದ್ಧ ಪೂರ್ಣಿಮೆ ಇತ್ತು. ನಮ್ಮ ವಿಹಾರಗಳಲ್ಲಿ ಮಂದಿ ಬಿಳಿ ಬಟ್ಟೆ ಹಾಕಿಕೊಂಡು ಖೀರು ಹಂಚುವ ದಿನ.

ಬುದ್ಧ ಯಾಕೆ ಮನೆ ಬಿಟ್ಟ? ಮುದುಕನನ್ನು, ರೋಗಿಯನ್ನು, ಹೆಣವನ್ನು ನೋಡಿ ಅಂತ ಸಾಲಿಯಲ್ಲಿ ಕಲಿಸುತ್ತಾರೆ. ಬಾಬಾಸಾಹೇಬರು ಬುದ್ಧ ಮತ್ತು ಅವನ ಧಮ್ಮ ಗ್ರಂಥದಲ್ಲಿ ಬೇರೆ ಕಾರಣ ಕೊಟ್ಟಿದ್ದಾರೆ. ರೋಹಿಣಿ ನದಿಯ ನೀರಿಗಾಗಿ ಶಾಕ್ಯರಿಗೂ ಕೋಲಿಯರಿಗೂ ಜಗಳ ಹತ್ತಿತು. ಶಾಕ್ಯರ ಸಂಘ ಯುದ್ಧ ಸಾರಬೇಕು ಅಂತ ಠರಾವು ಮಾಡಿತು. ಸಿದ್ಧಾರ್ಥ ಒಬ್ಬನೇ ಎದ್ದು ವಿರೋಧಿಸಿದ, ಬಹುಮತದಲ್ಲಿ ಸೋತ. ಸೈನ್ಯ ಸೇರೋದಿಲ್ಲ ಅಂದ, ಅದಕ್ಕೆ ಬಂದ ಶಿಕ್ಷೆಯನ್ನು ತಾನೇ ಆರಿಸಿಕೊಂಡು ದೇಶ ಬಿಟ್ಟ. ನಮ್ಮ ಬುದ್ಧ ಇವನು. ಯುದ್ಧ ಬೇಡ ಅಂದದ್ದಕ್ಕೆ ಮನೆ ಕಳೆದುಕೊಂಡವನು. ಅವನ ಹೆಸರನ್ನು 12 ಕಿಲೋಟನ್ ಸ್ಫೋಟಕ್ಕೆ ಇಟ್ಟು, ಮೇಲೆ ನಗಿಸಿದರು. ಅದನ್ನು ಇಟ್ಟವರಿಗೆ ಬುದ್ಧ ಅಂದರೆ ಷೋಕೇಸಿನ ಗೊಂಬೆ ಇರಬಹುದು.

ಆ ಮೇ ತಿಂಗಳಲ್ಲಿ ದೇಶದಲ್ಲಿ ಬೇರೆ ಏನು ನಡೆದಿತ್ತು ಅನ್ನೋದನ್ನೂ ನೋಡಬೇಕು. ಮೇ 8ರಿಂದ ರೈಲ್ವೆ ಕಾರ್ಮಿಕರ ಮುಷ್ಕರ, ದೇಶದಾದ್ಯಂತ ಲಕ್ಷಾಂತರ ಮಂದಿ. ಸೊಲ್ಲಾಪುರ ರೈಲ್ವೆಯ ಊರು, ಗ್ಯಾಂಗಿನ ಕೆಲಸ, ಸಫಾಯಿ ಕೆಲಸ ಯಾವ ಮನೆಗಳವರು ಮಾಡುತ್ತಿದ್ದರು ಅಂತ ನಿಮಗೆ ಹೇಳಬೇಕಾಗಿಲ್ಲ. ಸಾವಿರಾರು ಕಾರ್ಮಿಕರನ್ನು ಜೇಲಿಗೆ ಹಾಕಿದರು, ಕ್ವಾರ್ಟರ್ಸ್‌ನಿಂದ ಹೆಂಡರು ಮಕ್ಕಳನ್ನು ಹೊರಗೆ ಹಾಕಿದರು. ಮುಷ್ಕರದ ಮುಂದಾಳು ಮಂಗಳೂರಿನ ಜಾರ್ಜ್ ಫರ್ನಾಂಡಿಸ್. 72ರ ಬರ ಹೋಗಿ ಹೆಚ್ಚು ದಿನ ಆಗಿರಲಿಲ್ಲ, ಕಲ್ಲು ಒಡೆದು ಸುಖಡಿ, ಮಿಲೋ ಜೋಳ ತಿಂದು ಬದುಕಿದ ಮಾತನ್ನು ನಮ್ಮ ಕಡೆ ಮುದುಕರು ಇನ್ನೂ ಹೇಳುತ್ತಾರೆ. ಮುಂಬಯಿಯಲ್ಲಿ ದಲಿತ ಪ್ಯಾಂಥರ್ ಹುಟ್ಟಿ ಎರಡು ವರ್ಷ ಆಗಿತ್ತು. ಇಂಥ ಹೊತ್ತಿನಲ್ಲಿ ಬಾಂಬು ಸಿಡಿಯಿತು, ಪೇಪರಿನ ಮೊದಲ ಪುಟ ಬದಲಾಯಿತು. ಮೇ 27ಕ್ಕೆ ಮುಷ್ಕರ ಮುಗಿಯಿತು.

1975ರಲ್ಲಿ ರಾಮಣ್ಣನವರಿಗೆ ಪದ್ಮವಿಭೂಷಣ ಬಂತು. ಕೆನಡಾ ಸಿಟ್ಟಾಗಿ ಅಣು ಸಹಕಾರ ನಿಲ್ಲಿಸಿತು, ಅಣು ಸಾಮಾನು ಮಾರುವ ದೇಶಗಳು ಕೂಡಿ ಒಂದು ಕೂಟ ಕಟ್ಟಿಕೊಂಡು ಬಾಗಿಲು ಹಾಕಿದವು. 1977ರಲ್ಲಿ ಬಂದ ಮೊರಾರ್ಜಿ ದೇಸಾಯಿ ಅವರಿಗೆ ಬಾಂಬು ಸೇರುತ್ತಿರಲಿಲ್ಲ. 1978ರಲ್ಲಿ ರಾಮಣ್ಣ ತ್ರೊಂಬೆ ಬಿಟ್ಟು ರಕ್ಷಣಾ ಮಂತ್ರಿಯ ವೈಜ್ಞಾನಿಕ ಸಲಹೆಗಾರರಾಗಿ ದೆಹಲಿಗೆ ಹೋದರು. ಇಂದಿರಾ ಗಾಂಧಿ ಮತ್ತೆ ಬಂದ ಮೇಲೆ 1981ಕ್ಕೆ ವಾಪಸು ತ್ರೊಂಬೆ. 1983ರಿಂದ 1987ರವರೆಗೆ ಅಣುಶಕ್ತಿ ಆಯೋಗದ ಅಧ್ಯಕ್ಷರು. ಧ್ರುವ ಅನ್ನುವ 100 ಮೆಗಾವಾಟ್ ರಿಯಾಕ್ಟರು 1985ರಲ್ಲಿ ಅವರ ಕಾಲದಲ್ಲೇ ಚಾಲೂ ಆಯಿತು.

ಉತ್ತರ ಕನ್ನಡದ ಕಾಳಿ ನದಿ ದಂಡೆಯ ಕೈಗಾ ಯೋಜನೆ ಗಟ್ಟಿಯಾದದ್ದೂ ಅವರ ಅವಧಿಯಲ್ಲೇ. ಕರ್ನಾಟಕಕ್ಕೆ ಕರೆಂಟು ಬೇಕು ಅನ್ನುವವರ ಕಡೆ ರಾಮಣ್ಣ, ಕಾಡು ನದಿ ಕೆಡುತ್ತದೆ ಅನ್ನುವವರ ಕಡೆ ಶಿವರಾಮ ಕಾರಂತ. 1989ರಲ್ಲಿ 87 ವಯಸ್ಸಿನ ಕಾರಂತರು ಕೈಗಾ ಬೇಡ ಅಂತಲೇ ಲೋಕಸಭೆ ಚುನಾವಣೆಗೆ ನಿಂತು ಸೋತರು. 1994ರ ಮೇ 13ರಂದು ಕಟ್ಟುತ್ತಿದ್ದ ಸ್ಥಾವರದ ಗುಮ್ಮಟದ ಒಳಪದರದ ಕಾಂಕ್ರೀಟು ಕುಸಿದು ಬಿತ್ತು. ಒಳಗೆ ಇಂಧನ ಇರಲಿಲ್ಲವಾಗಿ ಪಾರಾದರು. ಇಬ್ಬರು ಕನ್ನಡಿಗರ ಈ ಜಗಳದಲ್ಲಿ ನಮ್ಮ ಮಂದಿಯ ದನಿ ಎಲ್ಲೂ ಕೇಳಿಸೋದಿಲ್ಲ. ಯುರೇನಿಯಂ ಅಗೆಯುವಲ್ಲಿ ಮಾತ್ರ ನಮ್ಮಂಥವರೇ. ಝಾರ್ಖಂಡದ ಜಾದೂಗುಡಾ ಗಣಿಯಲ್ಲಿ 1967ರಿಂದ ಯುರೇನಿಯಂ ಕಂಪನಿ ಅಗೆಯುತ್ತಿದೆ, ಅಲ್ಲಿ ಗಣಿಗೆ ಇಳಿಯುವವರು, ಗಣಿಯ ತ್ಯಾಜ್ಯದ ಕೆರೆಯ ಪಕ್ಕ ವಾಸ ಮಾಡುವವರು ಸಂತಾಲ, ಹೋ ಆದಿವಾಸಿಗಳು. ಅಷ್ಟು ದೂರ ಯಾಕೆ? ಪಂಢರಪುರ ದಾಟಿ ನಮ್ಮ ಅಕ್ಕಲಕೋಟ ತಾಲೂಕಿನ ಅಂಚಿಗೆ ಹರಿಯುವ ಇದೇ ಭೀಮಾ ನದಿ ಕಲಬುರಗಿ ದಾಟಿ ಯಾದಗಿರಿಗೆ ಹೋಗುತ್ತದೆ. ಅಲ್ಲಿ ಶಹಾಪುರ ತಾಲೂಕಿನ ಗೋಗಿಯಲ್ಲಿ ಯುರೇನಿಯಂ ಸಿಕ್ಕಿದೆ. ಪರೀಕ್ಷೆಗೆ ಅಂತ ಅಗೆದಾಗ ಊರಿನವರು ಕುಡಿಯುವ ನೀರಿನ ಚಿಂತೆ ಹಿಡಿದು ವಿರೋಧ ಮಾಡಿದರು. ಆ ಊರುಗಳ ಭಾಷೆ, ಊಟ, ದೇವರು ಎಲ್ಲಾ ನಮ್ಮದೇ.

ನಿವೃತ್ತಿ ಆದ ಮೇಲೆ ರಾಮಣ್ಣ ಬೆಂಗಳೂರಿಗೆ ಬಂದರು. ಜೆ.ಆರ್.ಡಿ. ಟಾಟಾ ಅವರ ಆಸೆಯಂತೆ 1988ರಲ್ಲಿ ಶುರುವಾದ ರಾಷ್ಟ್ರೀಯ ಉನ್ನತ ಅಧ್ಯಯನ ಸಂಸ್ಥೆಗೆ ಮೊದಲ ನಿರ್ದೇಶಕರಾದರು. ಆತ್ಮಕಥೆ ಬರೆದರು. ನಮ್ಮ ರಾಗಪದ್ಧತಿ ಮತ್ತು ಪಾಶ್ಚಾತ್ಯ ಸಂಗೀತದ ರಚನೆಯ ಮೇಲೆ ಒಂದು ಪುಸ್ತಕವನ್ನೂ ಬರೆದರು. ಕಚೇರಿಗಳಲ್ಲಿ ಪಿಯಾನೋ ನುಡಿಸುತ್ತಿದ್ದರು.

1990ರಲ್ಲಿ ವಿ.ಪಿ. ಸಿಂಗ್ ಸರಕಾರದಲ್ಲಿ ರಕ್ಷಣಾ ಖಾತೆಯ ರಾಜ್ಯಮಂತ್ರಿಯಾದರು. ಆ ಸರಕಾರವನ್ನು ನಾವು ಬೇರೆ ಕಾರಣಕ್ಕೆ ನೆನೆಸುತ್ತೇವೆ. ಬಾಬಾಸಾಹೇಬರಿಗೆ ಭಾರತರತ್ನ ಕೊಟ್ಟದ್ದು ಅದು, ಮಂಡಲ ಆಯೋಗ ಜಾರಿಗೆ ತಂದದ್ದು ಅದು. ಎಲ್ಲಕ್ಕಿಂತ ಹೆಚ್ಚಾಗಿ, ಬೌದ್ಧರಾದ ದಲಿತರಿಗೂ ಪರಿಶಿಷ್ಟ ಜಾತಿಯ ಸೌಲಭ್ಯ ಸಿಗಬೇಕು ಅಂತ 1990ರಲ್ಲಿ ಕಾನೂನು ತಿದ್ದಿದ್ದು ಅದೇ ಸರಕಾರ. ಅಲ್ಲಿಯತನಕ ಕೇಂದ್ರದ ಲೆಕ್ಕದಲ್ಲಿ ಬುದ್ಧನ ಹೆಸರು ಹೇಳಿದರೆ ಹಕ್ಕು ಹೋಗುತ್ತಿತ್ತು. ಬಾಂಬಿಗೆ ಬುದ್ಧನ ಹೆಸರು 1974ರಲ್ಲೇ ಸಿಕ್ಕಿತು, ಮನುಷ್ಯರು ಬುದ್ಧನ ಹೆಸರು ಇಟ್ಟುಕೊಂಡು ತಮ್ಮ ಹಕ್ಕು ಉಳಿಸಿಕೊಳ್ಳಲಿಕ್ಕೆ ಇನ್ನೂ 16 ವರ್ಷ ಕಾಯಬೇಕಾಯಿತು. ಆ ಮಂತ್ರಿಮಂಡಲದಲ್ಲಿ ರಾಮಣ್ಣ ಇದ್ದರು ಅನ್ನೋದು ಆಕಸ್ಮಿಕ, ಆದರೆ ನನಗೆ ಮರೆಯಲಿಕ್ಕೆ ಆಗದ ಆಕಸ್ಮಿಕ.

1997ರಲ್ಲಿ ಅವರನ್ನು ರಾಜ್ಯಸಭೆಗೆ ನಾಮಕರಣ ಮಾಡಿದರು. ಅದೇ ವರ್ಷ ಅಕ್ಟೋಬರಿನಲ್ಲಿ ಸುದ್ದಿಸಂಸ್ಥೆಯೊಂದಕ್ಕೆ ಅವರು ಒಂದು ಮಾತು ಒಪ್ಪಿಕೊಂಡರು: ಪೋಖ್ರಾನ್‌ನಲ್ಲಿ ಸಿಡಿದದ್ದು ಬಾಂಬೇ, ಅದರಲ್ಲಿ ಶಾಂತಿಯುತ ಅನ್ನುವಂಥದ್ದು ಏನೂ ಇರಲಿಲ್ಲ ಅನ್ನುವ ಅರ್ಥದಲ್ಲಿ. 23 ವರ್ಷ ಸರಕಾರ, ವಿಜ್ಞಾನಿಗಳು, ಪಠ್ಯಪುಸ್ತಕಗಳು ಹೇಳುತ್ತಾ ಬಂದ ಶಾಂತಿಯುತ ಸ್ಫೋಟದ ಮಾತನ್ನು ಅದನ್ನು ಮಾಡಿದವರೇ ತೆಗೆದುಹಾಕಿದರು. ಎಷ್ಟೋ ಮಂದಿ ಸಾಯುವತನಕ ಇಂಥದ್ದನ್ನು ಹೇಳೋದಿಲ್ಲ. ಹೇಳಿದ್ದಕ್ಕಾಗಿ ನಾನು ಅವರನ್ನು ಗೌರವಿಸುತ್ತೇನೆ. ಶಾಂತಿ ಅನ್ನುವ ಶಬ್ದ ಹಿಂಗ ವಾಪಸು ಬಂತು. ಬುದ್ಧ ಅನ್ನುವ ಹೆಸರನ್ನು ಯಾರೂ ವಾಪಸು ತೆಗೆದುಕೊಳ್ಳಲಿಲ್ಲ.

ಮರುವರ್ಷ ಮೇ 11 ಮತ್ತು 13ರಂದು ಐದು ಸ್ಫೋಟ. ಈ ಸಲ ಅಣುಶಕ್ತಿ ಆಯೋಗದ ಅಧ್ಯಕ್ಷರು 1974ರಲ್ಲಿ ರಾಮಣ್ಣನವರ ಕೈಕೆಳಗೆ ದುಡಿದ ಚಿದಂಬರಂ. ರಕ್ಷಣಾ ಮಂತ್ರಿ ಆ ರೈಲ್ವೆ ಮುಷ್ಕರದ ಜಾರ್ಜ್ ಫರ್ನಾಂಡಿಸ್, ಕಾಲ ಮನುಷ್ಯನನ್ನು ಎಲ್ಲೆಲ್ಲಿ ತಂದು ನಿಲ್ಲಿಸುತ್ತದೆ ನೋಡಿರಿ. ಹತ್ತಿರದ ಖೇತೋಲಾಯಿ ಹಳ್ಳಿಯವರನ್ನು ಮನೆಯಿಂದ ಹೊರಗೆ ಬರಲು ಹೇಳಿದ್ದರು, ಮನೆಗಳ ಗೋಡೆ ಬಿರುಕು ಬಿಟ್ಟವು. ಇನ್ನೂ ಮೂರು ವಾರ ಆಗಿರಲಿಲ್ಲ, ಮೇ 28ಕ್ಕೆ ಪಾಕಿಸ್ತಾನವೂ ಸಿಡಿಸಿತು. ಈಗ ಎರಡೂ ಕಡೆ ಇವೆ. ಮುಂಬಯಿ ಮೇಲೆ ಬಿದ್ದರೆ ಧಾರಾವಿ, ಘಾಟಕೋಪರ, ಚೆಂಬೂರಿನ ಝೋಪಡಪಟ್ಟಿಗಳಲ್ಲಿ ಇರುವ ಸೊಲ್ಲಾಪುರ, ಕಲಬುರಗಿ ಕಡೆಯ ನಮ್ಮ ನೆಂಟರಿಗೆ ಓಡಲಿಕ್ಕೆ ದಾರಿ ಇಲ್ಲ. ತ್ರೊಂಬೆಯ ಕೇಂದ್ರ ಇರುವುದೂ ಆ ಚೆಂಬೂರಿನ ಪಕ್ಕದಲ್ಲೇ.

2004ರ ಸೆಪ್ಟೆಂಬರ್ 24ರಂದು ಮುಂಬಯಿಯಲ್ಲಿ ರಾಜಾ ರಾಮಣ್ಣ ತೀರಿಕೊಂಡರು, 79 ವರ್ಷ ವಯಸ್ಸಾಗಿತ್ತು. ಮರುವರ್ಷ ಇಂದೋರಿನ ಲೇಸರ್ ಮತ್ತು ವೇಗವರ್ಧಕ ಸಂಶೋಧನಾ ಕೇಂದ್ರಕ್ಕೆ ಅವರ ಹೆಸರು ಇಟ್ಟರು.

ಅದರ ಮುಂದಿನ ವರ್ಷ, 2006ರಲ್ಲಿ, ಕೇಂದ್ರದ ಶಿಕ್ಷಣ ಸಂಸ್ಥೆಗಳ ಪ್ರವೇಶದಲ್ಲಿ ಪರಿಶಿಷ್ಟ ಜಾತಿ, ಪಂಗಡ, ಹಿಂದುಳಿದ ವರ್ಗದವರಿಗೆ ಮೀಸಲಾತಿ ಕೊಡುವ ಕಾಯಿದೆ ಸಂಸತ್ತಿನಲ್ಲಿ ಪಾಸಾಯಿತು. ಆ ಕಾಯಿದೆಯ ಕೊನೆಗೆ ಒಂದು ಅನುಬಂಧ ಇದೆ, ಮೀಸಲಾತಿ ಅನ್ವಯಿಸದ ಸಂಸ್ಥೆಗಳ ಪಟ್ಟಿ. ನಮ್ಮ ಮಂಡಳದಲ್ಲಿ ಬಿ.ಎಸ್ಸಿ. ಓದುವ ತಮ್ಮ ತಂಗಿಯರು ಅದನ್ನು ಒಮ್ಮೆ ತೆಗೆದು ಓದಬೇಕು, ಒಂದೇ ಪುಟ ಅದ. ಪಟ್ಟಿಯಲ್ಲಿ ಮೊದಲನೆಯದು ಹೋಮಿ ಭಾಭಾ ಅವರ ಹೆಸರಿನ ಮುಂಬಯಿಯ ಸಂಸ್ಥೆ. ಅದರ ಘಟಕಗಳು ಅಂತ ಮೊದಲು ತ್ರೊಂಬೆಯ ಭಾಭಾ ಅಣು ಸಂಶೋಧನಾ ಕೇಂದ್ರ, ಎರಡನೆಯದು ಕಲ್ಪಾಕ್ಕಂನ ಇಂದಿರಾ ಗಾಂಧಿ ಕೇಂದ್ರ, ಮೂರನೆಯದು ಇಂದೋರಿನ ರಾಜಾ ರಾಮಣ್ಣ ಕೇಂದ್ರ.